ಬದಲಾಗಿದ್ದು ಕಂಪನಿಯೋ, ಕಾವಲೋ?

ಪ್ರಶ್ನೆ: ವಿದ್ಯುತ್, ತೈಲ, ಮರಮಟ್ಟಿನ ಕಂಪನಿಗಳೆಲ್ಲ ಪರಿಸರ ನಿರ್ವಹಣೆಯಲ್ಲಿ ಬಹಳ ಸುಧಾರಿಸಿದ್ದೇವೆ ಎನ್ನುತ್ತವೆ. ನಿಜಕ್ಕೂ ಏನಾದರೂ ಬದಲಾಗಿದೆಯೇ, ಇಲ್ಲ ಎಲ್ಲ ಕಾಗದದ ಮೇಲಷ್ಟೇಯೇ?

ಉತ್ತರ: ಬದಲಾಗಿದೆ. ಆದರೆ ಕಂಪನಿಗಳು ತಾವಾಗಿಯೇ ಮನಸ್ಸು ಮಾಡಿದ್ದಕ್ಕಿಂತ ಹೊರಗಿನವರು ಅಳೆಯಲು ಶುರು ಮಾಡಿದ್ದರಿಂದ ಆದದ್ದೇ ಹೆಚ್ಚು.

ಮೊದಲೆಲ್ಲ ವಿದ್ಯುತ್ ಸ್ಥಾವರದ ಹೊಗೆಗೆ ಇದ್ದ ಪರಿಹಾರ ಒಂದೇ: ಚಿಮಣಿಯನ್ನು ಇನ್ನಷ್ಟು ಎತ್ತರಿಸುವುದು. ಊರಿನ ಗಾಳಿ ತಿಳಿಯಾಯಿತು, ನಿಜ. ಆದರೆ ಗಂಧಕದ ಹೊಗೆ ಗಾಳಿಯಲ್ಲಿ ತೇಲಿ ಗಡಿ ದಾಟಿ, ಆಮ್ಲ ಮಳೆಯಾಗಿ ನಾರ್ವೆ, ಸ್ವೀಡನ್‌ಗಳ ಕೆರೆಗಳ ಮೀನುಗಳನ್ನು ಕೊಂದಿತು. ಯಾರ ಹೊಗೆ ಎಲ್ಲಿ ಇಳಿಯುತ್ತದೆಂದು ಅಳೆದು ತೋರಿಸಿದ ಮೇಲಷ್ಟೇ 1979ರ ಅಂತರರಾಷ್ಟ್ರೀಯ ಒಪ್ಪಂದ ಬಂತು, 1985ರಲ್ಲಿ ಗಂಧಕವನ್ನು ಶೇ 30ರಷ್ಟು ಇಳಿಸುವ ಗುರಿಯೂ ಸೇರಿತು. ಹೊಗೆಯನ್ನು ಸುಣ್ಣದಕಲ್ಲಿನ ನೀರಿನಲ್ಲಿ ತೊಳೆಯುವ ಯಂತ್ರಗಳು ವ್ಯಾಪಕವಾದವು. ಅದರಿಂದ ಹೊರಬಿದ್ದ ಜಿಪ್ಸಮ್‌ಗೆ ಗಿರಾಕಿಯೂ ಸಿಕ್ಕಿತು!

ತೈಲದ ಕಥೆಯೂ ಇದೇ. 1989ರಲ್ಲಿ ಅಲಾಸ್ಕಾದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸೋರಿತು. ಮರುವರ್ಷವೇ ಅಮೆರಿಕ ತೈಲ ಹಡಗುಗಳಿಗೆ ಎರಡು ಪದರದ ಒಡಲು ಇರಲೇಬೇಕೆಂದು ಕಾನೂನು ಮಾಡಿತು.

ಅರಣ್ಯದ ಲೆಕ್ಕ ಇನ್ನೂ ಹಳೆಯದು. 1713ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್, ಬೆಳೆದಷ್ಟನ್ನೇ ಕಡಿಯಬೇಕು ಎಂದು ವಾದಿಸಿದ. ಕಾಡಿನ ಮೇಲಿನ ಪ್ರೀತಿಯಿಂದಲ್ಲ, ಅದಿರು ಕರಗಿಸುವ ಕುಲುಮೆಗಳಿಗೆ ಸೌದೆ ಸಾಲದಾಗಿತ್ತು. ಆ ಲೆಕ್ಕದಲ್ಲಿ ಇದ್ದದ್ದು ಮರದ ಗಾತ್ರವೊಂದೇ. ಹಕ್ಕಿ, ನೀರು, ಕಾಡಿನ ಜನ ಯಾರೂ ಇರಲಿಲ್ಲ. ಮುಂದೆ ಒಂದೇ ಜಾತಿಯ ನೆಡುತೋಪುಗಳು ಹಬ್ಬಿ, ಗಾಳಿಗೂ ತೊಗಟೆ ಕೊರೆಯುವ ಹುಳುವಿಗೂ ಸುಲಭವಾಗಿ ತುತ್ತಾದವು. ಲೆಕ್ಕದಿಂದ ಬಿಟ್ಟುಹೋದ ಹಕ್ಕಿ, ನೀರು, ಜನರನ್ನೂ ಒಳಗೆ ತರಲು ಹೊರಟದ್ದು 1993ರಲ್ಲಿ ಶುರುವಾದ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣೀಕರಣ, ಅಂದರೆ ಮರ ಹೊಣೆಯರಿತು ನಿರ್ವಹಿಸಿದ ಕಾಡಿನದು ಎಂಬ ಮುದ್ರೆ.

ಇನ್ನು ಕಾಗದದ ಮಾತು. 1996ರಲ್ಲಿ ಬಂದ, ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14001ರ ಪ್ರಮಾಣಪತ್ರವನ್ನು ಕಂಪನಿಗಳು ಹೆಮ್ಮೆಯಿಂದ ಗೋಡೆಗೆ ತೂಗುಹಾಕುತ್ತವೆ. ಗುರಿ ಇಟ್ಟುಕೊಳ್ಳುವ, ದಾಖಲಿಸುವ, ತಪ್ಪು ತಿದ್ದುವ ವ್ಯವಸ್ಥೆ ಕಂಪನಿಯಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ಹೊಗೆ ಎಷ್ಟಿರಬೇಕು, ಕಾಡು ಎಷ್ಟು ಉಳಿಯಬೇಕು ಎಂದು ಅದು ನಿಗದಿ ಮಾಡುವುದಿಲ್ಲ. ವ್ಯವಸ್ಥೆ ಅಚ್ಚುಕಟ್ಟಾಗಿದ್ದೂ ಗುರಿ ತೀರಾ ಚಿಕ್ಕದಿರಬಹುದು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ತಿರುವು 2008ರದು. ಆ ವರ್ಷ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ಎಲ್ಲರಿಗೂ ಉಚಿತವಾದವು. ಕಾಡು ಕಡಿದದ್ದನ್ನು ವರದಿಯಲ್ಲಿ ಮುಚ್ಚಿಟ್ಟರೂ ಆಕಾಶದಿಂದ ಕಾಣುತ್ತದೆ.

ಪ್ರಶ್ನೆ: ಕಲ್ಲಿದ್ದಲಿನ ಬದಲು ಮರದ ಪೆಲೆಟ್ (ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ) ಸುಟ್ಟರೆ ಇಂಗಾಲದ ಹೊರೆಯೇ ಇಲ್ಲವಂತೆ, ಹೌದೇ?

ಉತ್ತರ: ಚಿಮಣಿಯ ಬಾಯಲ್ಲಿ ಅಳೆದರೆ, ಅಷ್ಟೇ ವಿದ್ಯುತ್ತಿಗೆ ಮರ ಕಲ್ಲಿದ್ದಲಿಗಿಂತ ಕಡಿಮೆ ಇಂಗಾಲವನ್ನೇನೂ ಉಗುಳುವುದಿಲ್ಲ. ಅಂತರರಾಷ್ಟ್ರೀಯ ಲೆಕ್ಕದ ನಿಯಮದಂತೆ ಆ ಇಂಗಾಲವನ್ನು ಮರ ಕಡಿದ ದೇಶದ ಭೂಬಳಕೆಯ ಖಾತೆಗೆ ಬರೆಯುವುದರಿಂದ, ವಿದ್ಯುತ್ ಖಾತೆಯಲ್ಲಿ ಸೊನ್ನೆ ಕಾಣಿಸುತ್ತದೆ. ಮರ ಕೊಯ್ಯುವ ಗಿರಣಿಯ ಮರದ ಹೊಟ್ಟಿನಿಂದ ಮಾಡಿದ ಪೆಲೆಟ್ ಆದರೆ ಒಪ್ಪಬಹುದು, ಹೇಗೂ ಅದು ಕೊಳೆತು ಇಂಗಾಲ ಬಿಡುತ್ತಿತ್ತು. ಬೆಳೆದ ಮರದ ಇಡೀ ಕಾಂಡವನ್ನೇ ಅರೆದಿದ್ದರೆ, ಆ ಇಂಗಾಲವನ್ನು ಹೊಸ ಗಿಡ ಮರಳಿ ಹೀರಲು ದಶಕಗಳೇ ಬೇಕು. ಹಾಗಾಗಿ ಮೊದಲು ಕೇಳಬೇಕಾದದ್ದು ಪೆಲೆಟ್ ಯಾವುದರಿಂದ ಮಾಡಿದ್ದು ಎಂದು.