ಅರ್ಹರ ಆಳ್ವಿಕೆಗೆ ಅವಧಿ ಎಷ್ಟು?

ಮಾನ್ಯರೇ,

ಚುನಾವಣೆಯನ್ನೇ ನೆಚ್ಚಿಕೊಂಡ ಪಾಶ್ಚಾತ್ಯ ಪ್ರಜಾಪ್ರಭುತ್ವವನ್ನು ಚೀನಾದ ವಿದ್ವಾಂಸರು ತಾತ್ವಿಕವಾಗಿಯೇ ಅಲ್ಲಗಳೆದಿದ್ದಾರೆಂದೂ ಇದರಿಂದ ಬೀಜಿಂಗ್‌ನ ವ್ಯವಸ್ಥೆ ಸಮರ್ಥನೀಯವಾಗುತ್ತದೆಂದೂ ನೀವು ಬರೆದಿದ್ದೀರಿ. ಮೊದಲನೆಯ ಮಾತನ್ನು ಬಹುಮಟ್ಟಿಗೆ ಒಪ್ಪಬಹುದು. ಎರಡನೆಯದನ್ನು ಒಪ್ಪಲು ಆ ವಿದ್ವಾಂಸರ ಬರಹಗಳೇ ಅಡ್ಡಬರುತ್ತವೆ.

ಪ್ರಾಚೀನ ಚೀನಾದ ಚಿಂತಕ ಕನ್‌ಫ್ಯೂಷಿಯಸ್‌ನ ತತ್ವಗಳನ್ನು ಆಧರಿಸಿದ ಸಂವಿಧಾನವನ್ನು ಪ್ರತಿಪಾದಿಸುವ ವಿದ್ವಾಂಸ ಜಿಯಾಂಗ್ ಚಿಂಗ್ ಅವರ ಪ್ರಕಾರ ಜನರ ಒಪ್ಪಿಗೆಯೊಂದೇ ಅಧಿಕಾರವನ್ನು ನ್ಯಾಯಸಮ್ಮತಗೊಳಿಸಲಾರದು. ದೈವಿಕವಾದ ನೈತಿಕ ನೆಲೆಯೂ ಇತಿಹಾಸ ಮತ್ತು ಸಂಸ್ಕೃತಿಗಳ ಆಧಾರವೂ ಅದಕ್ಕೆ ಬೇಕು. ಆದ್ದರಿಂದ ಅವರು ಮೂರು ಸದನಗಳ ಸಂಸತ್ತನ್ನು ಸೂಚಿಸುತ್ತಾರೆ: ಒಂದರಲ್ಲಿ ಶಾಸ್ತ್ರಗ್ರಂಥಗಳನ್ನು ಬಲ್ಲ ಪಂಡಿತರು, ಇನ್ನೊಂದರಲ್ಲಿ ಚುನಾಯಿತರು, ಮತ್ತೊಂದರಲ್ಲಿ ಕನ್‌ಫ್ಯೂಷಿಯಸ್‌ನ ವಂಶಜರೂ ಸೇರಿದಂತೆ ಪರಂಪರೆಯ ಪ್ರತಿನಿಧಿಗಳು. (ವಂಶದ ಹೆಸರಿನಲ್ಲಿ ಸಂಸತ್ತು ಪ್ರವೇಶಿಸುವುದನ್ನು ಕಂಡು ಭಾರತೀಯರಾದ ನಾವು ಹೆಚ್ಚು ನಗುವಂತಿಲ್ಲ.) ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಬಾಯ್ ತೊಂಗ್‌ದೊಂಗ್ ಅವರ ವಾದ ಇನ್ನೂ ಹರಿತವಾದದ್ದು. ಇನ್ನೂ ಹುಟ್ಟದ ಪೀಳಿಗೆಗಳಿಗೆ ಮತ್ತು ಗಡಿಯಾಚೆಯ ಜನರಿಗೆ ಮತವಿಲ್ಲದಿರುವುದರಿಂದ, ಇಂದಿನ ಮತದಾರರನ್ನಷ್ಟೇ ಓಲೈಸುವ ಸರ್ಕಾರ ಅವರ ಹಿತವನ್ನು ಕಡೆಗಣಿಸುತ್ತದೆ ಎಂಬ ಅವರ ಆಕ್ಷೇಪಕ್ಕೆ ಉದಾರವಾದಿಗಳ ಬಳಿ ಸುಲಭದ ಉತ್ತರವಿಲ್ಲ. ಆದರೂ ಅವರು ಕಾನೂನಿನ ಆಳ್ವಿಕೆಯನ್ನೂ ಹಕ್ಕುಗಳನ್ನೂ ಉಳಿಸಿಕೊಂಡು, ಚುನಾಯಿತ ಕೆಳಮನೆಯ ಮೇಲೆ ಅರ್ಹರ ಮೇಲ್ಮನೆಯೊಂದನ್ನು ಇರಿಸುತ್ತಾರೆ. ಚೀನಾದಲ್ಲಿ ಜನರು ನೇರವಾಗಿ ಮತ ಹಾಕುವುದು ನಮ್ಮ ತಾಲ್ಲೂಕನ್ನು ಹೋಲುವ ಕೌಂಟಿ ಮಟ್ಟದವರೆಗೆ ಮಾತ್ರ ಎಂಬುದನ್ನು ನೆನೆದರೆ, ಸಂಸತ್ತಿನಲ್ಲಿ ಚುನಾಯಿತ ಸದನವನ್ನು ಬಯಸುವ ಈ ಇಬ್ಬರ ಯೋಜನೆಗಳೂ ವಾಷಿಂಗ್ಟನ್‌ನಷ್ಟೇ ಬೀಜಿಂಗನ್ನೂ ಟೀಕಿಸುತ್ತವೆ.

ಈಗಿನ ವ್ಯವಸ್ಥೆಯನ್ನು ನೇರವಾಗಿ ಸಮರ್ಥಿಸುವವರು ಚೀನಾದ ಮತ್ತೊಬ್ಬ ವಿದ್ವಾಂಸ ಝಾಂಗ್ ವೇಯ್‌ವೇಯ್. 2011ರಲ್ಲಿ ಶಾಂಘೈನಲ್ಲಿ ಅವರೊಡನೆ ನಡೆದ ಚರ್ಚೆಯಲ್ಲಿ ಅಮೆರಿಕದ ರಾಜಕೀಯ ಚಿಂತಕ ಫ್ರಾನ್ಸಿಸ್ ಫುಕುಯಾಮ, ಕೆಟ್ಟ ಚಕ್ರವರ್ತಿಯೊಬ್ಬ ಪಟ್ಟಕ್ಕೆ ಬಂದರೆ ಅವನನ್ನು ತಡೆಯುವವರಾರು ಎಂಬ ಚೀನಾದ ಹಳೆಯ ಸಮಸ್ಯೆಯನ್ನು ಮುಂದಿಟ್ಟರು. ಅದು ಬಗೆಹರಿದಿದೆ ಎಂದ ಝಾಂಗ್ ಮೂರು ಕಾರಣಗಳನ್ನು ಕೊಟ್ಟರು: ಅರ್ಹತೆಯ ಆಯ್ಕೆ, ಸಾಮೂಹಿಕ ನಾಯಕತ್ವ, ಎರಡೇ ಅವಧಿಗಳ ಕಟ್ಟುನಿಟ್ಟಿನ ಮಿತಿ. 2018ರ ಮಾರ್ಚ್‌ನಲ್ಲಿ ಚೀನಾದ ಸಂಸತ್ತು 2,958 ಮತಗಳಿಂದ ಅಧ್ಯಕ್ಷರ ಅವಧಿ ಮಿತಿಯನ್ನು ಸಂವಿಧಾನದಿಂದ ತೆಗೆದುಹಾಕಿತು. ವಿರುದ್ಧ ಬಿದ್ದ ಮತಗಳು ಎರಡು. 2023ರಲ್ಲಿ ಷಿ ಜಿನ್‌ಪಿಂಗ್ ಮೂರನೆಯ ಅವಧಿಗೆ ಅಧ್ಯಕ್ಷರಾದರು. ಅರ್ಹರನ್ನು ಆರಿಸುವ ಬಗೆ ಎಷ್ಟೇ ಉತ್ತಮವಾಗಿದ್ದರೂ, ಆಯ್ಕೆಯಾಗಿ ಬಂದವರನ್ನು ಇಳಿಸುವ ದಾರಿ ಅವರ ಕೈಯಲ್ಲೇ ಇದ್ದರೆ ಫುಕುಯಾಮರ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಅವಧಿ ಮಿತಿಯನ್ನು ಮರಳಿ ತರಬೇಕೆಂದು 2018ರಲ್ಲೇ ಬಹಿರಂಗವಾಗಿ ಬರೆದವರು ತ್ಸಿಂಗುವಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಶು ಝಾಂಗ್‌ರುನ್. 2019ರಲ್ಲಿ ಅವರನ್ನು ಅಮಾನತುಗೊಳಿಸಲಾಯಿತು, 2020ರಲ್ಲಿ ಕೆಲಸದಿಂದ ತೆಗೆದುಹಾಕಲಾಯಿತು. ಝಾಂಗ್ ವೇಯ್‌ವೇಯ್ ಹೆಮ್ಮೆಯಿಂದ ತೋರಿಸಿದ್ದ ರಕ್ಷಣೆಯನ್ನೇ ಶು ಕೇಳಿದ್ದರು.

— ಸಂಪಾದಕ