ಒಂದ್ಸಲ ಕೇಳಿದ್ರೆ ಸಾಕಾಗ್ಬೇಕು

(ವಿಶ್ವವಿದ್ಯಾಲಯವೊಂದರಲ್ಲಿ ವಿಕಲಚೇತನ ವಿದ್ಯಾರ್ಥಿಗಳ ಸೌಲಭ್ಯ ಕೇಂದ್ರದ ಹೊಣೆ ಹೊತ್ತಿದ್ದ ನಮ್ಮ ಅಂಕಣಗಾರ್ತಿ ಈ ಸಲದ ಪತ್ರಗಳಿಗೆ ಉತ್ತರ ಕೊಟ್ಟಿದ್ದಾರೆ. ಪತ್ರ ಬರೆದವರ ಹೆಸರು ಹಾಕಿಲ್ಲ.)

ಪ್ರಶ್ನೆ: ಮೇಡಂ, ನಾನು ಕಾಮರ್ಸ್ ಪಾಠ ಮಾಡೋನು. ಹೋದ ತಿಂಗಳು ರಿಜಿಸ್ಟ್ರಾರ್ ಆಫೀಸಿಂದ ಆರ್ಡರ್ ಬಂತು, ವಿಕಲಚೇತನ ವಿದ್ಯಾರ್ಥಿಗಳನ್ನ ನೋಡ್ಕೊಳೋ ಸಮಾನ ಅವಕಾಶ ಕೋಶಕ್ಕೆ ಇನ್ಮೇಲೆ ನೀವೇ ಸಂಯೋಜಕರು ಅಂತ. ರೂಮಿಲ್ಲ, ಸ್ಟಾಫಿಲ್ಲ, ಒಂದು ಬೀರು ಇದೆ, ಅದರ ಕೀ ಯಾರ ಹತ್ರ ಇದ್ಯೋ ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?
– ಅಧ್ಯಾಪಕರು, ತುಮಕೂರು

ಉತ್ತರ: ಸರ್, ಬೀರು ಹಂಗೇ ಇರ್ಲಿ ಬಿಡಿ. ಸುಮಾರು ಕಡೆ ಈ ಕೆಲಸ ಶುರುವಾಗೋದು ಡಿಸೆಂಬರ್ 3ರ ವಿಕಲಚೇತನರ ದಿನದ ಫಂಕ್ಷನ್ನಿಂದ, ಶಾಲು ಹಾರ ಭಾಷಣ ಎಲ್ಲಾ ಆಗತ್ತೆ, ಮಾರನೇ ದಿನ ಅಲ್ಲಿ ಶಾಲು ಹೊದ್ದ ಹುಡುಗೀನೇ ಇಂಟರ್ನಲ್ಸ್ ಬರೆಯೋಕೆ ಸ್ಕ್ರೈಬ್ (ಹೇಳಿದ ಉತ್ತರವನ್ನ ಬರೆದುಕೊಡೋರು) ಸಿಗ್ದೇ ಕಾರಿಡಾರಲ್ಲಿ ನಿಂತಿರ್ತಾಳೆ. ನೀವು ಪರೀಕ್ಷಾ ವಿಭಾಗದಿಂದ ಶುರು ಮಾಡಿ, ಯಾಕಂದ್ರೆ ವಿದ್ಯಾರ್ಥಿ ನಿಜವಾಗ್ಲೂ ಸಿಕ್ಕಿಹಾಕ್ಕೊಳೋದು ಅಲ್ಲೇ, ಒಂದ್ಸಲ ತಪ್ಪಿದ್ರೆ ವರ್ಷ ಹೋಗೋದೂ ಅಲ್ಲೇ.

ಅದಕ್ಕೆ ಮೊದ್ಲು ಯಾರ್ಯಾರಿದ್ದಾರೆ ಅಂತ ಗೊತ್ತಾಗ್ಬೇಕಲ್ಲ. ಅಡ್ಮಿಷನ್ ಸೆಕ್ಷನ್ನಿಗೆ ಕೇಳಿದ್ರೆ ಕೋಟಾದಲ್ಲಿ ಬಂದವರ ಪಟ್ಟಿ ಮಾತ್ರ ಕೊಡ್ತಾರೆ. ಜನರಲ್ ಮೆರಿಟ್‌ನಲ್ಲಿ ಬಂದ ಕಿವಿ ಮಂದ ಇರೋ ಹುಡುಗ, ಎರಡನೇ ವರ್ಷದಲ್ಲಿ ಬೈಕ್ ಆಕ್ಸಿಡೆಂಟಾಗಿ ಬೆನ್ನುಮೂಳೆಗೆ ಪೆಟ್ಟು ಬಿದ್ದವನು, ಖಿನ್ನತೆಗೆ ಮಾತ್ರೆ ತಗೊಳೋ ಹುಡುಗಿ, ಇವರು ಯಾರೂ ಆ ಪಟ್ಟೀಲಿ ಇರಲ್ಲ. ಹಾಗಾಗಿ ಕನ್ನಡದಲ್ಲೂ ಇಂಗ್ಲಿಷಲ್ಲೂ ಒಂದು ನೋಟಿಸ್ ಹಾಕ್ಸಿ, ಓದೋಕೆ ಬರೆಯೋಕೆ ಓಡಾಡೋಕೆ ಕೇಳಿಸ್ಕೊಳೋಕೆ ತೊಂದ್ರೆ ಇರೋರು ಬಂದು ಮಾತಾಡಿ, ಸರ್ಟಿಫಿಕೇಟ್ ಇಲ್ದಿದ್ರೂ ಬನ್ನಿ ಅಂತ. ಆ ಕೊನೇ ಸಾಲು ಬಿಡಬೇಡಿ, ಅದನ್ನ ನೋಡಿ ಬರೋರೇ ಜಾಸ್ತಿ.

ಬಂದವರ ಹತ್ರ ಕೂತು ಮಾತಾಡಿ. ನಿನಗೇನು ಕಾಯಿಲೆ ಅಂತ ಶುರು ಮಾಡ್ಬೇಡಿ, ಯಾವ ಕ್ಲಾಸಲ್ಲಿ ಏನು ಕಷ್ಟ ಆಗ್ತಿದೆ ಅಂತ ಕೇಳಿ. ಅದನ್ನೆಲ್ಲ ಒಂದೇ ಪತ್ರಕ್ಕೆ ಇಳಿಸಿ, ಈ ವಿದ್ಯಾರ್ಥಿಗೆ ಇಂತಿಂಥ ಸೌಲಭ್ಯ ಕೊಡಬೇಕು, ಕೋರ್ಸ್ ಮುಗಿಯೋ ತನಕ ಇದು ಜಾರಿಯಲ್ಲಿರತ್ತೆ ಅಂತ ಬರೆದು ರಿಜಿಸ್ಟ್ರಾರ್ ಸಹಿ ಹಾಕ್ಸಿ, ವಿಭಾಗದ ಮುಖ್ಯಸ್ಥರಿಗೆ, ಪರೀಕ್ಷಾ ವಿಭಾಗಕ್ಕೆ, ಲೈಬ್ರರಿಗೆ, ಹಾಸ್ಟೆಲ್ಲಿಗೆ ಒಂದೊಂದು ಪ್ರತಿ ಕಳಿಸಿ. ನಾನು ಈ ಕೆಲಸದಲ್ಲಿ ಇದ್ದಷ್ಟು ದಿನ ಹಿಡ್ಕೊಂಡಿದ್ದು ಇದೊಂದನ್ನೇ: ಹುಡುಗ್ರು ಒಂದ್ಸಲ ಕೇಳಿದ್ರೆ ಸಾಕಾಗ್ಬೇಕು. ಪ್ರತಿ ಸೆಮಿಸ್ಟರ್, ಪ್ರತಿ ಮೇಷ್ಟ್ರು, ಪ್ರತಿ ಕ್ಲರ್ಕ್ ಮುಂದೆ ಅದೇ ಕಥೆ ಹೇಳ್ಕೊಂಡು ಸರ್ಟಿಫಿಕೇಟ್ ತೋರಿಸ್ತಾ ಇರ್ಬೇಕು ಅಂದ್ರೆ ಆ ಕೋಶ ಇದ್ದೂ ಇಲ್ಲದ ಹಾಗೇ.

ಕಾನೂನು ನಿಮ್ಮ ಕಡೆ ಇದೆ, ಅದನ್ನ ಧೈರ್ಯವಾಗಿ ಬಳಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು, ಅದ್ರಲ್ಲಿ 21 ಬಗೆಯ ಅಂಗವೈಕಲ್ಯ ಇವೆ. 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರೋರಿಗೆ ಕನಿಷ್ಠ ಶೇ. 5 ಸೀಟು ಇಡಬೇಕು, ವಯಸ್ಸಿನ ಮಿತೀಲಿ 5 ವರ್ಷ ಸಡಿಲಿಕೆ ಕೊಡಬೇಕು. 21ನೇ ಸೆಕ್ಷನ್ ಪ್ರಕಾರ ಸಂಸ್ಥೆಗೆ ಒಂದು ಸಮಾನ ಅವಕಾಶ ನೀತಿ ಇರ್ಬೇಕು, ನಿಮ್ಮಲ್ಲಿ ಇದ್ಯಾ ಅಂತ ಬರವಣಿಗೇಲೇ ಕೇಳಿ. 2017ರ ಡಿಸೆಂಬರ್‌ನಲ್ಲಿ ಡಿಸೇಬಲ್ಡ್ ರೈಟ್ಸ್ ಗ್ರೂಪ್ ಕೇಸಲ್ಲಿ ಸುಪ್ರೀಂ ಕೋರ್ಟ್ ಈ ಸೀಟುಗಳ ಬಗ್ಗೆ, ಕ್ಯಾಂಪಸ್ ಎಲ್ರೂ ಬಳಸೋ ಹಾಗಿರ್ಬೇಕು ಅನ್ನೋದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ, ಯುಜಿಸಿ 2022ರಲ್ಲಿ ಇದಕ್ಕೇ ಮಾರ್ಗಸೂಚಿ ತಂದಿದೆ. ಬಜೆಟ್ ಇಲ್ಲ ಅನ್ನೋ ಮಾತು ಬಂದಾಗ ನೋಟ್ ಶೀಟ್‌ನಲ್ಲಿ ಇದನ್ನೆಲ್ಲ ನಮೂದಿಸಿ ಫೈಲ್ ಮೇಲೆ ಕಳಿಸಿ. ಬಾಯಲ್ಲಿ ಇಲ್ಲ ಅನ್ನೋದು ಸುಲಭ, ಫೈಲಲ್ಲಿ ಇಲ್ಲ ಅಂತ ಬರೆಯೋಕೆ ಯಾರಿಗೂ ಕೈ ಬರಲ್ಲ.

ಇನ್ನು ಸ್ಕ್ರೈಬ್ ವಿಷಯ. ಪರೀಕ್ಷೆ ಹಿಂದಿನ ದಿನ ಹುಡುಕೋಕೆ ಹೋಗ್ಬೇಡಿ, ಎನ್ನೆಸ್ಸೆಸ್ ಹುಡುಗರಲ್ಲಿ, ಬೇರೆ ವಿಭಾಗದ ಜೂನಿಯರ್‌ಗಳಲ್ಲಿ ಒಂದು ತಂಡ ಮೊದ್ಲೇ ಮಾಡಿಟ್ಕೊಳಿ, ಗೌರವಧನಕ್ಕೆ ಮಂಜೂರಾತಿ ತಗೊಳಿ, ಎಷ್ಟೇ ಸಣ್ಣ ಮೊತ್ತ ಆದ್ರೂ ಸರಿ. ಎರಡು ದಿನ ಮುಂಚೆ ವಿದ್ಯಾರ್ಥೀನೂ ಸ್ಕ್ರೈಬೂ ಕೂತು ಅಭ್ಯಾಸ ಮಾಡ್ಲಿ. ಕನ್ನಡ ಪೇಪರಿಗೆ ಒತ್ತಕ್ಷರ ತಪ್ಪಿಲ್ದೆ ಬರೆಯೋರು ಬೇಕು, ಇದು ನೋಡೋಕೆ ಚಿಕ್ಕದು ಆದ್ರೆ ಮಾರ್ಕ್ಸ್ ಹೋಗೋದು ಇಲ್ಲೇ.

ಪ್ರಶ್ನೆ: ಮೇಡಮ್ಮರ, ನನಗ ಪೂರ್ತಿ ಕಣ್ಣು ಕಾಣಂಗಿಲ್ರಿ, ಕನ್ನಡ ಎಂಎ ಮಾಡಾಕತ್ತೀನಿ. ಸರ್ ನೋಟ್ಸ್ ಎಲ್ಲಾ ಪಿಡಿಎಫ್‌ನಾಗ ಗ್ರೂಪಿಗೆ ಹಾಕ್ತಾರ, ಆದ್ರ ಮೊಬೈಲ್‌ನಾಗ ಓದ್ಸಿದ್ರ ಏನೇನೋ ಇಂಗ್ಲಿಷ್ ಅಕ್ಷರ ಓದ್ತೈತಿ, ಇಲ್ಲಾಂದ್ರ ಸುಮ್ನ ಇರ್ತೈತಿ. ದೋಸ್ತರ ಕಡೆ ಎಷ್ಟು ಸಲ ಓದ್ಸಲಿ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ನಿನ್ನ ಮೊಬೈಲಿಂದೂ ತಪ್ಪಿಲ್ಲ ನಿಂದೂ ತಪ್ಪಿಲ್ಲ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡ್ರೂ ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತಗಳು, ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್, ಒಳಗಿರೋದನ್ನ ಓದತ್ತೆ. ಸುಮ್ನಿರೋ ಪಿಡಿಎಫ್ ಇದ್ಯಲ್ಲ, ಅದು ಪುಸ್ತಕದ ಪುಟವನ್ನ ಫೋಟೋ ಹೊಡೆದಿದ್ದು, ಅದ್ರಲ್ಲಿ ಅಕ್ಷರವೇ ಇಲ್ಲ.

ಹಾಗಾಗಿ ನಿಮ್ಮ ಸರ್ ಹತ್ರ ಹೋಗಿ, ಪಿಡಿಎಫ್ ಬೇಡ ಸರ್, ಟೈಪ್ ಮಾಡಿದ ಮೂಲ ಕಡತ ಕೊಡಿ ಅಂತ ಕೇಳು. ನುಡಿಯಲ್ಲಿದ್ರೆ ಯೂನಿಕೋಡಿಗೆ (ಎಲ್ಲಾ ಮೊಬೈಲು ಕಂಪ್ಯೂಟರೂ ಕನ್ನಡ ಅಂತಲೇ ಗುರುತಿಸೋ ಅಕ್ಷರ ಸಂಕೇತಕ್ಕೆ) ಬದಲಾಯಿಸೋ ಪರಿವರ್ತಕ ಸಾಫ್ಟ್‌ವೇರ್ ಇದೆ, ಬರಹದಲ್ಲೂ ಇದೆ, ಕೆಲವು ಒತ್ತಕ್ಷರ ಕೆಡತ್ತೆ ಆದ್ರೆ ಓದೋಕೆ ಅಡ್ಡಿ ಇಲ್ಲ. ಫೋಟೋ ಪಿಡಿಎಫ್ ಆದ್ರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದ್ರೆ ಕನ್ನಡ ಅಕ್ಷರ ಹಿಡಿಯತ್ತೆ, ಅಚ್ಚು ಚೆನ್ನಾಗಿದ್ರೆ ಪರವಾಗಿಲ್ಲ ಅನ್ನೋ ಹಾಗೆ ಬರತ್ತೆ, ಹಳಗನ್ನಡ ಪದ್ಯ ಮಾತ್ರ ಯಾರಾದ್ರೂ ಕೂತು ತಿದ್ದಲೇಬೇಕು. ಕಂಪ್ಯೂಟರಲ್ಲಾದ್ರೆ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕ್ಕೋ, ದುಡ್ಡು ಕೊಡಬೇಕಿಲ್ಲ, ಕನ್ನಡ ಓದತ್ತೆ. ಅದನ್ನ ಶುರು ಮಾಡಿದವರೇ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು, 2006ರಲ್ಲಿ. ಸುಗಮ್ಯ ಪುಸ್ತಕಾಲಯ ಅಂತ ಆನ್‌ಲೈನ್ ಲೈಬ್ರರಿ 2016ರಿಂದ ಇದೆ, ಅಲ್ಲಿ ಸದಸ್ಯ ಆಗು. ಬೆಂಗಳೂರಿನ ಮಿತ್ರಜ್ಯೋತಿಯವರು ಪುಸ್ತಕ ಓದಿ ಆಡಿಯೋ ಮಾಡ್ತಾರೆ, ನಿಮ್ಮ ಪಠ್ಯ ಇದ್ಯಾ ಅಂತ ವಿಚಾರ್ಸು.

ಲೈಬ್ರರಿಯವರು ಕಾಪಿರೈಟ್ ಅಂತ ಹೆದರ್ಸಿದ್ರೆ ಹೇಳು, 2012ರಲ್ಲೇ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ, ಓದೋಕೆ ಆಗದವರಿಗೋಸ್ಕರ ಪುಸ್ತಕವನ್ನ ಅವರಿಗೆ ಒಗ್ಗೋ ರೂಪಕ್ಕೆ ತರೋದು ಉಲ್ಲಂಘನೆ ಅಲ್ಲ. ಇದೇ ವಿಷಯದ ಮರಕೇಶ್ ಒಪ್ಪಂದವನ್ನ ಮೊಟ್ಟಮೊದ್ಲು ಅನುಮೋದಿಸಿದ ದೇಶ ನಮ್ದೇ, 2014ರಲ್ಲಿ. ಅಷ್ಟು ಮುಂದೆ ಓಡಿದ ದೇಶದಲ್ಲಿ ಇವತ್ತಿಗೂ ಎಂಎ ನೋಟ್ಸು ಯೂನಿಕೋಡಿಗೆ ಬಂದಿಲ್ಲ ಅಂದ್ರೆ ಏನು ಹೇಳೋದು.

ಪ್ರಶ್ನೆ: ನನ್ನ ಮಗನಿಗೆ ಡಿಸ್‌ಲೆಕ್ಸಿಯಾ, ಅಂದ್ರೆ ಓದೋಕೆ ಬರೆಯೋಕೆ ಕಷ್ಟ ಆಗೋ ಕಲಿಕಾ ನ್ಯೂನತೆ. ಎಸ್ಸೆಸ್ಸೆಲ್ಸಿ ಪಿಯುಸಿಯಲ್ಲಿ ಎಕ್ಸ್‌ಟ್ರಾ ಟೈಮ್ ಸಿಕ್ತು. ಡಿಗ್ರಿ ಕಾಲೇಜಲ್ಲಿ ಶೇ. 40 ಇಲ್ಲ, ಹಾಗಾಗಿ ಏನೂ ಕೊಡಕ್ಕಾಗಲ್ಲ ಅಂತಿದ್ದಾರೆ. ನಾವೇನು ಮಾಡ್ಬೇಕು ಮೇಡಂ?
– ತಾಯಿ, ಶಿವಮೊಗ್ಗ

ಉತ್ತರ: ಶೇ. 40 ಅನ್ನೋದು ಸೀಟು ಮೀಸಲಾತಿಯಂಥ ವಿಷಯಕ್ಕೆ ಇರೋ ಗೆರೆ ಅಮ್ಮಾ. ಪರೀಕ್ಷೇಲಿ ಅನುಕೂಲ ಮಾಡ್ಕೊಡೋಕೂ ಅದೇ ಗೆರೆ ಎಳೆಯೋದು ತಪ್ಪು ಅಂತ 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಹೇಳಿದೆ. ಅದು ವಿಕಾಸ್ ಕುಮಾರ್ ಅನ್ನೋರ ಕೇಸು, ಎಂಬಿಬಿಎಸ್ ಮಾಡಿದವರು, ಬರೆಯೋಕೆ ಹೋದ್ರೆ ಕೈ ಹಿಡ್ಕೊಳೋ ತೊಂದ್ರೆ ಅವರಿಗೆ, ಶೇ. 40 ಇಲ್ಲ ಅಂತ ಯುಪಿಎಸ್‌ಸಿ ಸ್ಕ್ರೈಬ್ ಕೊಡ್ಲಿಲ್ಲ. ಆ ತೀರ್ಪಿನ ನಂತರ 2022ರ ಆಗಸ್ಟ್ 10ರಂದು ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆ ಬೇರೇನೇ ಮಾರ್ಗಸೂಚಿ ಹೊರಡಿಸ್ತು, ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯೋಕೆ ಕಷ್ಟ ಇರೋರಿಗೂ ಸ್ಕ್ರೈಬ್, ಹೆಚ್ಚುವರಿ ಸಮಯ ಕೊಡೋಕೆ. ಆ ತೀರ್ಪು, ಈಗ ಜಾರಿಯಲ್ಲಿರೋ ಮಾರ್ಗಸೂಚಿ, ಎರಡರ ಪ್ರಿಂಟ್ ತೆಗೆದು ಅರ್ಜಿ ಜೊತೆ ಲಗತ್ತಿಸಿ ಪ್ರಿನ್ಸಿಪಾಲರಿಗೂ ವಿಶ್ವವಿದ್ಯಾಲಯದ ಪರೀಕ್ಷಾಂಗ ಕುಲಸಚಿವರಿಗೂ ಕೊಟ್ಟು ಸ್ವೀಕೃತಿ ತಗೊಳಿ. ಬಾಯಿಮಾತಲ್ಲಿ ಕೇಳಿ ವಾಪಸ್ ಬರಬೇಡಿ.

ಶಾಲೆಯಲ್ಲಿದ್ದಾಗ ಮಾಡ್ಸಿದ ರಿಪೋರ್ಟ್ ಹಳೇದಾಗಿರತ್ತೆ, ಹೊಸದು ಮಾಡ್ಸಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರ್ಸಿ, ಅಲ್ಲಿ ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕಲಿಕಾ ನ್ಯೂನತೆ ಅಳೆಯೋಕೆ ದೇಶದಲ್ಲಿ ಬಳಸೋ ಪರೀಕ್ಷೆಗಳಲ್ಲಿ ಒಂದು ರೂಪುಗೊಂಡಿದ್ದೇ ಅಲ್ಲಿ. ಇಷ್ಟಾದ್ರೂ ಕೇಳ್ಲಿಲ್ಲ ಅಂದ್ರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡ್ಬಹುದು.

ಪ್ರಶ್ನೆ: ಬೇಜಾರು ಮಾಡ್ಕೋಬೇಡಿ, ನೇರವಾಗಿ ಕೇಳ್ತೀನಿ. ಮೂರು ಗಂಟೆ ಪೇಪರಿಗೆ ಇನ್ನೊಂದು ಗಂಟೆ ಕೊಟ್ರೆ ಉಳಿದವರಿಗೆ ಅನ್ಯಾಯ ಅಲ್ವಾ?
– ಪ್ರಾಧ್ಯಾಪಕರು, ಮೈಸೂರು

ಉತ್ತರ: ಬೇಜಾರೇನಿಲ್ಲ ಸರ್, ಮನಸ್ಸಲ್ಲಿಟ್ಕೊಂಡು ಮಾರ್ಕ್ಸಲ್ಲಿ ತೋರಿಸೋರಿಗಿಂತ ಕೇಳೋರು ವಾಸಿ. ನೀವು ಅರ್ಥಶಾಸ್ತ್ರದ ಪೇಪರ್ ಕೊಟ್ಟಿದ್ದೀರಿ ಅಂತಿಟ್ಕೊಳಿ, ಅಳೀತಿರೋದು ಅರ್ಥಶಾಸ್ತ್ರವನ್ನೋ ಕೈಬರಹದ ಸ್ಪೀಡನ್ನೋ? ಸ್ಕ್ರೈಬ್ ಇಟ್ಕೊಂಡು ಬರೆಯೋದು ಅಂದ್ರೆ ಸ್ಕ್ರೈಬ್ ಪ್ರಶ್ನೆ ಓದಬೇಕು, ವಿದ್ಯಾರ್ಥಿ ಉತ್ತರ ಹೇಳಬೇಕು, ಸ್ಕ್ರೈಬ್ ಬರೀಬೇಕು, ಹೆಸರುಗಳ ಸ್ಪೆಲಿಂಗ್ ಬಿಡಿಸಿ ಹೇಳಬೇಕು, ಹಿಂದೆ ಏನು ಹೇಳಿದ್ದೆ ಅಂತ ಮತ್ತೆ ಓದಿಸ್ಕೋಬೇಕು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಅಂತ ಕೇಂದ್ರದ 2018ರ ಮಾರ್ಗಸೂಚಿ ಇಟ್ಟಿದ್ದು ಇದಕ್ಕೇ. ಟೈಪಿಂಗ್ ಸ್ಪೀಡನ್ನೇ ಅಳೆಯೋ ಪರೀಕ್ಷೆ ಆದ್ರೆ ಮಾತು ಬೇರೆ, ನಮ್ಮ ಪೇಪರುಗಳು ಅಂಥವಲ್ಲ.

ಅನ್ಯಾಯ ಆಗೋ ಜಾಗ ಒಂದಿದೆ, ಅದನ್ನ ನಾನು ಮುಚ್ಚಿಡಲ್ಲ. ಆ ವಿಷಯ ಗೊತ್ತಿರೋರನ್ನ ಸ್ಕ್ರೈಬ್ ಅಂತ ಕೂರಿಸಿ ಅವರೇ ಉತ್ತರ ಬರೆದು ಬಿಡೋದು. ಅದನ್ನ ತಡೆಯೋಕೆ ಸ್ಕ್ರೈಬ್ ಓದಿನ ಮಟ್ಟದ ಬಗ್ಗೆ ನಿಯಮ ಇದೆ, ಈ ನಿಯಮಗಳು ಆಗಾಗ ಬದಲಾಗ್ತಿರತ್ತೆ, ನಿಮ್ಮ ಪರೀಕ್ಷಾ ವಿಭಾಗದ ಈ ವರ್ಷದ ಸುತ್ತೋಲೆ ನೋಡ್ಕೊಳಿ. ಒಳ್ಳೇ ಇನ್ವಿಜಿಲೇಟರ್ ಹಾಕಿ. ಟೈಮ್ ಕಿತ್ಕೊಳೋದು ಅದಕ್ಕೆ ಪರಿಹಾರ ಅಲ್ಲ.

ಪ್ರಶ್ನೆ: ಮಗಳು ಎಂಎಸ್‌ಗೆ ಅಮೆರಿಕಕ್ಕೆ ಹೋಗ್ತಿದ್ದಾಳೆ, ಅವಳಿಗೆ ಎಡಿಎಚ್‌ಡಿ (ಗಮನ ನಿಲ್ಲಿಸೋಕೆ ಕಷ್ಟ ಆಗೋ ತೊಂದ್ರೆ) ಇದೆ. ಅಲ್ಲಿ ಹೇಳ್ಕೊಂಡ್ರೆ ಮುಂದೆ ತೊಂದ್ರೆ ಆಗತ್ತಾ?
– ದಂಪತಿ, ಬೆಂಗಳೂರು

ಉತ್ತರ: ಅಡ್ಮಿಷನ್ ಆದ್ಮೇಲೆ ಹೇಳ್ಕೊಳಿ, ಅರ್ಜೀಲಿ ಬರೆಯೋ ಅಗತ್ಯ ಇಲ್ಲ. ಅಲ್ಲಿ 1973ರ ರಿಹ್ಯಾಬಿಲಿಟೇಷನ್ ಕಾಯ್ದೆಯ 504ನೇ ಸೆಕ್ಷನ್, 1990ರ ಎಡಿಎ (ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್) ಕಾಯ್ದೆ, ಎರಡೂ ವಿದೇಶಿ ವಿದ್ಯಾರ್ಥಿಗಳಿಗೂ ಅನ್ವಯ ಆಗತ್ತೆ. ಆದ್ರೆ ಒಂದು ನೆನಪಿರ್ಲಿ, ಯೂನಿವರ್ಸಿಟಿ ತಾನಾಗೇ ಹುಡುಕ್ಕೊಂಡು ಬರಲ್ಲ, ಮಗಳೇ ಡಿಸೆಬಿಲಿಟಿ ಸರ್ವಿಸಸ್ ಆಫೀಸಿಗೆ ಅರ್ಜಿ ಹಾಕ್ಬೇಕು, ಅಪ್ಪ ಅಮ್ಮ ಇಲ್ಲಿಂದ ಇಮೇಲ್ ಮಾಡಿದ್ರೆ ನಡೆಯಲ್ಲ. ಇಲ್ಲಿನ ಮನೋವೈದ್ಯರಿಂದಲೋ ಕ್ಲಿನಿಕಲ್ ಸೈಕಾಲಜಿಸ್ಟರಿಂದಲೋ ಇಂಗ್ಲಿಷಲ್ಲಿ ಇತ್ತೀಚಿನ ರಿಪೋರ್ಟ್ ತಗೊಂಡು ಹೋಗ್ಲಿ, ಬರೀ ಕಾಯಿಲೆ ಹೆಸರಿದ್ರೆ ಸಾಲದು, ಓದುವಾಗ ಪರೀಕ್ಷೆ ಬರೆಯುವಾಗ ಏನು ತೊಂದ್ರೆ ಆಗತ್ತೆ ಅಂತ ಬರೆದಿರ್ಬೇಕು. ಪ್ರೊಫೆಸರ್‌ಗೆ ಹೋಗೋ ಪತ್ರದಲ್ಲಿ ಸಾಮಾನ್ಯವಾಗಿ ಏನು ಸೌಲಭ್ಯ ಕೊಡಬೇಕು ಅಂತ ಮಾತ್ರ ಇರತ್ತೆ, ಯಾವ ಕಾಯಿಲೆ ಅಂತ ಇರಲ್ಲ. ನಮ್ಮ ಕಾಯ್ದೆಯ 21ರ ಪಟ್ಟೀಲಿ ಎಡಿಎಚ್‌ಡಿ ಅಂತ ಪ್ರತ್ಯೇಕವಾಗಿ ಹೆಸರೇ ಇಲ್ಲ, ಆ ಲೆಕ್ಕದಲ್ಲಿ ಅವಳಿಗೆ ಇಲ್ಲಿಗಿಂತ ಅಲ್ಲೇ ಸಲೀಸು.

ಅಲ್ಲಿ ಇದೆಲ್ಲ ಸುಮ್ನೆ ಬಂದಿದ್ದಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1948ರಲ್ಲಿ ಟಿಮ್ ನ್ಯೂಜೆಂಟ್ ಅನ್ನೋರು ವೀಲ್‌ಚೇರ್ ವಿದ್ಯಾರ್ಥಿಗಳಿಗೋಸ್ಕರ ಕಾರ್ಯಕ್ರಮ ಶುರು ಮಾಡಿದ್ರು, ಮೊದಲ ಬ್ಯಾಚುಗಳಲ್ಲಿ ಯುದ್ಧದಿಂದ ಗಾಯಗೊಂಡು ಬಂದ ಸೈನಿಕರು ಇದ್ರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಸೇರಿದ ಎಡ್ ರಾಬರ್ಟ್ಸ್‌ಗೆ ಪೋಲಿಯೋದಿಂದ ರಾತ್ರಿ ಉಸಿರಾಡೋಕೆ ದೊಡ್ಡ ಯಂತ್ರ ಬೇಕಿತ್ತು, ಅದು ಹಾಸ್ಟೆಲಲ್ಲಿ ಆಗಲ್ಲ ಅಂತ ಕ್ಯಾಂಪಸ್ ಆಸ್ಪತ್ರೆಯಲ್ಲೇ ವಾಸ ಮಾಡಿ ಓದಿದ್ರು. ಆಮೇಲೆ ಅವರೂ ಜೊತೆಗಾರರೂ ಸೇರಿ ಹೋರಾಡಿ 1970ರಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗಾಗಿ ಅವರೇ ಮುಂದೆ ನಿಂತು ನಡೆಸೋ ಸೇವಾ ಕೇಂದ್ರ ತಂದ್ರು.

ಪ್ರಶ್ನೆ: ನಮ್ಮ ಕ್ಲಾಸ್‌ಮೇಟ್ ವೀಲ್‌ಚೇರಲ್ಲಿ ಬರ್ತಾನೆ, ಕ್ಲಾಸು ಎರಡನೇ ಫ್ಲೋರಲ್ಲಿ, ಲಿಫ್ಟಿಲ್ಲ. ನಾವು ನಾಲ್ಕು ಜನ ದಿನಾ ಎತ್ಕೊಂಡು ಹೋಗ್ತೀವಿ. ಕಾಲೇಜಿನೋರು ಇದರ ಫೋಟೋ ತೆಗೆದು ಮ್ಯಾಗಜೀನಲ್ಲಿ ಹಾಕಿದ್ದಾರೆ. ಅವನಿಗೆ ಇಷ್ಟ ಆಗಿಲ್ಲ ಅನ್ಸತ್ತೆ.
– ವಿದ್ಯಾರ್ಥಿಗಳು, ಮಂಗಳೂರು

ಉತ್ತರ: ಅನ್ಸತ್ತೆ ಅಂತ ಬಿಡಬೇಡ್ರಪ್ಪ, ಅವನನ್ನೇ ಕೇಳಿ. ನಿಮ್ಮ ಪ್ರೀತಿ ದೊಡ್ಡದು, ಆದ್ರೆ ನಿಮ್ಮಲ್ಲಿ ಇಬ್ಬರಿಗೆ ಜ್ವರ ಬಂದ ದಿನ ಅವನಿಗೆ ಕ್ಲಾಸಿಲ್ಲ, ಮಧ್ಯ ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ ನಿಮ್ಮನ್ನ ಕರೀಬೇಕು, ಹಾಗಾಗಿ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರೋ ಹುಡುಗರನ್ನ ನಾನು ನೋಡಿದ್ದೀನಿ. ಲಿಫ್ಟಿಗೆ ಟೆಂಡರ್ ಆಗೋ ಹೊತ್ತಿಗೆ ಅವನ ಡಿಗ್ರಿ ಮುಗಿದಿರತ್ತೆ. ನೀವು ಕೇಳಬೇಕಾಗಿರೋದು ನಿಮ್ಮ ಸೆಕ್ಷನ್ನಿನ ಎಲ್ಲಾ ಕ್ಲಾಸೂ ಗ್ರೌಂಡ್ ಫ್ಲೋರಿಗೆ ಹಾಕಿ ಅಂತ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಟೈಮ್‌ಟೇಬಲ್ ಕಮಿಟಿಯವರು ಒಂದು ಮಧ್ಯಾಹ್ನ ಕೂತ್ರೆ ಆಗೋ ಕೆಲಸ. ಬಾಗಿಲ ಹತ್ರ ಅರ್ಧ ಅಡಿ ಮೆಟ್ಟಿಲಿದ್ರೆ ಆರು ಅಡಿ ಉದ್ದದ ರ‍್ಯಾಂಪ್ ಬೇಕು, ಒಂದಕ್ಕೆ ಹನ್ನೆರಡು ಅನ್ನೋದು ಲೆಕ್ಕ, ಅದಕ್ಕಿಂತ ಗಿಡ್ಡ ಮಾಡಿದ್ರೆ ಕಡಿದಾಗಿ ಗಾಡಿ ಹಿಂದಕ್ಕೆ ಜಾರತ್ತೆ, ಇದನ್ನ ಅರ್ಜೀಲೇ ಬರೆದುಬಿಡಿ. ಅವನು ಮೊದ್ಲು ಸಹಿ ಹಾಕ್ಲಿ, ಕೆಳಗೆ ನೀವೆಲ್ಲ ಹಾಕಿ, ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ ಫೈನಲ್ ಆಗೋಕೆ ಮುಂಚೆ ಕೊಡಿ.