ಉಳ್ಳಾಗಡ್ಡಿ ಎಂಬುದು ಅಡ್ಡಹೆಸರೇ, ಸಂಶಯ ಬೇಡ

ಮದುವೆಯ ಪತ್ರಿಕೆ ನೋಡಿ ನೀನು ಕೇಳಿದ್ದು ನೆನಪಿದೆ: ‘ವರ ಮೆಣಸಿನಕಾಯಿ, ವಧು ಬೆಲ್ಲದ, ಕರೆಯುವವರು ಉಳ್ಳಾಗಡ್ಡಿ ಬಂಧುಗಳು. ಇದೇನು ಮದುವೆಯೋ, ಗೊಜ್ಜು ಮಾಡುವ ವಿಧಾನವೋ?’ ನಾನೂ ನಕ್ಕೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ಬೆಳಗಾವಿಯವರ ಹೆಸರು ಅರ್ಧ ತರಕಾರಿ, ಅರ್ಧ ಮರಾಠಿ’ ಎಂದೆಯಲ್ಲ, ಅದು ಚುಚ್ಚಿತು.

ತರಕಾರಿಯ ಮಾತು ಮೊದಲು. ಬೆಲ್ಲ ಮಾರಿದವರು ಬೆಲ್ಲದ, ಕುಲುಮೆ ಊದಿದವರು ಕಂಬಾರ, ಅಂಗಡಿ ಇಟ್ಟವರು ಅಂಗಡಿ. ನಮ್ಮ ಕಡೆ ಉಳ್ಳಾಗಡ್ಡಿ ಎಂದರೆ ಈರುಳ್ಳಿ; ನಮ್ಮ ಅಜ್ಜಂದಿರಲ್ಲಿ ಯಾರೋ ಅದನ್ನು ಬೆಳೆದಿರಬೇಕು, ಇಲ್ಲವೇ ಮಾರಿರಬೇಕು. ಇದರಲ್ಲಿ ನಾಚಿಕೊಳ್ಳುವುದೇನಿದೆ? ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವರಾಗಿದ್ದವರು ಸುರೇಶ ಅಂಗಡಿ, ಜ್ಞಾನಪೀಠ ಪಡೆದವರು ಘೋಡಗೇರಿಯ ಚಂದ್ರಶೇಖರ ಕಂಬಾರ, ಮುಂಬಯಿ ಪ್ರಾಂತದಲ್ಲಿ ಮಂತ್ರಿಯಾಗಿದ್ದವರು ಸಿದ್ದಪ್ಪ ಕಂಬಳಿ. ಅಡ್ಡಹೆಸರಿನ ಅರ್ಥ ಕೇಳಿ ಅವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಇನ್ನು ಮರಾಠಿ. ಪಾಟೀಲ ಎಂದರೆ ಊರಗೌಡಿಕೆ, ಕುಲಕರ್ಣಿ ಎಂದರೆ ಊರಿನ ಲೆಕ್ಕ. ಮಾಡುವ ಕೆಲಸಕ್ಕೆ ಬಂದ ಹೆಸರುಗಳು ಅವು, ಮನೆಯ ಮಾತಿಗೆ ಬಂದವಲ್ಲ. ಕಿತ್ತೂರಿನ ಅರಸರೂ ದೇಸಾಯಿಗಳೇ; ರಾಣಿ ಚನ್ನಮ್ಮನ ಕನ್ನಡವನ್ನು ಪರೀಕ್ಷಿಸುತ್ತೀಯಾ? ಮುಧೋಳವನ್ನು ಆಳಿದ ಘೋರ್ಪಡೆಯವರ ಹೆಸರಿನಲ್ಲಂತೂ ಒಂದು ಉಡವೇ ಕುಳಿತಿದೆ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದವರೆಂದು ಕಥೆ. ಅವರ ಮುಂದೆ ನಮ್ಮ ಈರುಳ್ಳಿ ತೀರಾ ಸಾಧು.

ನನ್ನ ನಿಜವಾದ ಗೋಳು ಅರ್ಥದ್ದಲ್ಲ, ಕಾಗದದ್ದು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು: ಅಲ್ಲಿಂದ ಬಂದ ಈ ರೂಢಿಯನ್ನು ಇಂದಿಗೂ ಬಿಟ್ಟಿಲ್ಲ. ಬೆಂಗಳೂರಿನ ಕಡೆಯ ನಿಮ್ಮಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಎರಡು ಚುಕ್ಕೆ, ಮುಗಿಯಿತು. ಬೆಂಗಳೂರಿಗೆ ಬಂದ ಹೊಸದರಲ್ಲಿ ಒಂದು ಕಚೇರಿಯ ಗುಮಾಸ್ತರು ‘ಇನಿಷಿಯಲ್ ಏನು?’ ಎಂದರು. ಇಲ್ಲ ಎಂದೆ. ಇನಿಷಿಯಲ್ ಇಲ್ಲದ ಮನುಷ್ಯ ಇರಲಾರನೆಂದು ಅವರೇ ತೀರ್ಮಾನಿಸಿ, ನನ್ನನ್ನು ಒಂದು ಅಕ್ಷರಕ್ಕೆ ಇಳಿಸಿ, ನಡುವೆ ಇದ್ದ ಅಪ್ಪನನ್ನು ಅರ್ಜಿದಾರರನ್ನಾಗಿ ಮಾಡಿದರು. ಈಗಲೂ ಆ ಕಡೆಯಿಂದ ಫೋನ್ ಬಂದರೆ ‘ಕಲ್ಲಪ್ಪನವರು ಇದ್ದಾರೆಯೇ?’ ಎಂದೇ ಕೇಳುತ್ತಾರೆ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಮೊದಲೆಲ್ಲ ಹಾಗೆಂದು ಹೇಳುತ್ತಿದ್ದೆ. ಈಗ ‘ಹೊರಗೆ ಹೋಗಿದ್ದಾರೆ’ ಎನ್ನುತ್ತೇನೆ.

ಅದರ ಮೇಲೆ ಇಂಗ್ಲಿಷ್. ಅದಕ್ಕೆ ಳಕಾರ ಗೊತ್ತಿಲ್ಲ. ಇಂಗ್ಲಿಷಿಗೆ ಹೋದ ಉಳ್ಳಾಗಡ್ಡಿ ಕಂಪ್ಯೂಟರಿನ ಕೃಪೆಯಿಂದ ಕನ್ನಡಕ್ಕೆ ಮರಳುವಾಗ ‘ಉಲ್ಲಾ ಗಡ್ಡಿ’ಯಾಗಿ, ಎರಡು ಹೋಳಾಗಿ ಬಂತು. ಒಂದು ವರ್ಷ ಈದ್ ಶುಭಾಶಯದ ಸಂದೇಶವೂ ಬಂತು. ಸಂತೋಷದಿಂದಲೇ ಸ್ವೀಕರಿಸಿದೆ. ಆದರೆ ಶಾಲೆಯ ದಾಖಲೆಯಲ್ಲಿ ಒಬ್ಬ, ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಒಬ್ಬ, ಬ್ಯಾಂಕಿನಲ್ಲಿ ಇನ್ನೊಬ್ಬ ಇದ್ದಾಗ, ಮೂವರೂ ನಾನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಾಗುತ್ತದೆ. ಇದುವರೆಗೆ ನಾಲ್ಕು ಬಾರಿ ಮಾಡಿದ್ದೇನೆ. ಅಕ್ಕನದು ಇನ್ನೂ ಗಂಟು: ಮದುವೆಯಾಗಿ ಮಿರಜಕ್ಕೆ ಹೋದವಳಿಗೆ ನಡುವಿನ ಹೆಸರೂ ಬದಲಾಯಿತು, ಕೊನೆಯದೂ ಬದಲಾಯಿತು. ಆದರೆ ಒಂದು ಮಾತು ಹೇಳಬೇಕು. ಅಲ್ಲಿಯ ಗುಮಾಸ್ತರು ಅವಳ ತವರಿನ ಹೆಸರನ್ನು ದೇವನಾಗರಿಯಲ್ಲಿ ಒಂದೂ ತಪ್ಪಿಲ್ಲದೆ ಬರೆದರು. ಮರಾಠಿಯಲ್ಲಿ ಳಕಾರ ಇದೆಯಲ್ಲ! ಕನ್ನಡಿಗನ ಹೆಸರು ಮಹಾರಾಷ್ಟ್ರದಲ್ಲಿ ಸರಿಯಾಗಿ ಉಳಿದು, ಕನ್ನಡದ ರಾಜಧಾನಿಯಲ್ಲಿ ಕೆಟ್ಟಿತು. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ನಿನ್ನ ಮುಂದೆಯೇ ಹೇಳುತ್ತಿದ್ದೇನೆ.

ಅಂದಹಾಗೆ, ನನ್ನ ಅಜ್ಜನ ಹೆಸರು ತಿಪ್ಪಣ್ಣ. ಮೊದಲಿನ ಮಕ್ಕಳು ಉಳಿಯಲಿಲ್ಲವೆಂದು ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಇಟ್ಟ ಹೆಸರು. ಕಸವೆಂದುಕೊಂಡು ಸಾವು ಮುಟ್ಟದೆ ಹೋಗಲಿ ಎಂಬ ಆಸೆ. ಎಂಬತ್ತು ದಾಟಿ ಬದುಕಿದ. ಈ ಹೆಸರಿಗೂ ನಗುವುದಾದರೆ ನಗು, ಅಜ್ಜನೂ ನಗುತ್ತಿದ್ದ.

ಮದುವೆಗೆ ತಪ್ಪದೆ ಬಾ. ಬಾಗಿಲಲ್ಲೇ ಆಹೇರಿ, ಅಂದರೆ ಮುಯ್ಯಿ, ಬರೆದುಕೊಳ್ಳುವವರು ಕುಳಿತಿರುತ್ತಾರೆ, ಅಡ್ಡಹೆಸರು ಕೇಳದೆ ಬಿಡುವುದಿಲ್ಲ. ಏನು ಬರೆಸುತ್ತೀಯೋ ಬಸ್ಸಿನಲ್ಲೇ ಯೋಚಿಸಿಕೊಂಡು ಬಾ.